ಮಣ್ಣು ಹತ್ತದ ಕರಿ ಶೂ

ಬೂಟ್ ಪಾಲಿಶ್ ಡಬ್ಬಿಯ ಪಕ್ಕದಲ್ಲಿ ಒಂದು ಪುಟ್ಟ ತಿರುಪು ಇರುತ್ತದೆ, ನೀವೂ ನೋಡಿರುತ್ತೀರಿ. ಹೆಬ್ಬೆರಳಿನಿಂದ ಅದನ್ನು ಅರ್ಧ ಸುತ್ತು ತಿರುಗಿಸಿದರೆ ಸಾಕು, ಮುಚ್ಚಳ ಟಕ್ಕೆಂದು ಮೇಲೇಳುತ್ತದೆ. ಕಳೆದ ಭಾನುವಾರ ಅಮೆರಿಕದ ವುಡ್‌ಬ್ರಿಡ್ಜಿನ ನಮ್ಮ ಮನೆಯ ಕ್ಲಾಸೆಟ್ಟಿನಲ್ಲಿ ಕೊಡೆ ಹುಡುಕುತ್ತಿದ್ದವನ ಕೈಗೆ ಅಂಥದೊಂದು ಡಬ್ಬಿ ಸಿಕ್ಕಿತು. ತಿರುಪು ತಿರುಗಿಸಿದೆ, ಮುಚ್ಚಳ ಏಳಲಿಲ್ಲ. ಚಮಚದ ಹಿಡಿಯಿಂದ ಮೀಟಿ ತೆಗೆದಾಗ ಒಳಗಿನ ಕಪ್ಪು ಮೇಣ ಅಂಚು ಬಿಟ್ಟು, ನಡುವೆ ಬಿರಿದು, ಚೂರುಚೂರಾಗಿ ಕೂತಿತ್ತು. ಅರ್ಧ ಡಬ್ಬಿಗಿಂತ ಹೆಚ್ಚೇ ಇತ್ತು. ಆರು ವರ್ಷದ ಹಿಂದೆ ಮಗಳ ಮುಂದೆ ನಿಂತು, ಪಾಲಿಶ್ ಮುಗಿದುಹೋಯಿತು ಎಂದು ನಾನು ಹೇಳಿದ್ದು ಇದೇ ಡಬ್ಬಿಯನ್ನು ಕುರಿತು.

ಈ ಡಬ್ಬಿ ಅಮೆರಿಕದ್ದಲ್ಲ, ಇಂಗ್ಲೆಂಡಿನದು. ಅಲ್ಲಿನ ಲೆಸ್ಟರ್ ಊರಿನಲ್ಲಿ ನಾನು, ನನ್ನ ಹೆಂಡತಿ ಶೈಲಾ ಹನ್ನೆರಡು ವರ್ಷ ಸಂಸಾರ ಮಾಡಿದೆವು. ಮಗಳು ಮೇಧಾ ಹುಟ್ಟಿದ್ದೂ ಅಲ್ಲಿಯೇ. ಅಲ್ಲಿನ ಶಾಲೆಗಳಿಗೆ ಯೂನಿಫಾರ್ಮ್ ಉಂಟು, ಕಾಲಿಗೆ ಕರಿ ಶೂ ಉಂಟು. ಹೀಗಾಗಿ ಭಾನುವಾರ ಸಂಜೆಯೆಂದರೆ ನಮ್ಮಲ್ಲಿ ಶೂ ಪಾಲಿಶ್ ಮಾಡುವ ಹೊತ್ತು. ಅಡುಗೆಮನೆಯ ಡ್ರಾಯರಿನಿಂದ ಹಳೆ ಪೇಪರ್ ತಂದು ಹಿಂಬಾಗಿಲ ಮೆಟ್ಟಿಲ ಮೇಲೆ ಹಾಸುವುದು ಮೇಧಾಳ ಕೆಲಸ, ಹಳೆ ಬನಿಯನ್ನಿನ ಚೂರಿನಿಂದ ಪಾಲಿಶ್ ಹಚ್ಚುವುದು ನನ್ನ ಕೆಲಸ, ಅದು ಆರಿದ ಮೇಲೆ ಬ್ರಷ್ ತಿಕ್ಕಿ ಹೊಳಪು ತರುವುದು ಮತ್ತೆ ಅವಳ ಪಾಲಿನದು. ನಾನು ಕಲಿತದ್ದು ಕರಿ ಪಾಲಿಶಿನಲ್ಲಲ್ಲ. ದಾವಣಗೆರೆಯ ನಮ್ಮ ಶಾಲೆಯಲ್ಲಿ ಶನಿವಾರ ಬಿಳಿ ಕ್ಯಾನ್ವಾಸ್ ಶೂ ಕಡ್ಡಾಯವಾಗಿತ್ತು. ಬಿಳಿ ಪಾಲಿಶ್ ಕೊಳ್ಳುವ ಗೋಜಿಗೆ ಹೋಗದ ನಾವು ಶುಕ್ರವಾರವೇ ಕ್ಲಾಸಿನಿಂದ ಚಾಕ್‌ಪೀಸಿನ ಚೂರುಗಳನ್ನು ಜೇಬಿಗಿಳಿಸಿಕೊಂಡು ಬಂದು, ಒದ್ದೆ ಶೂಗೆ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡುತ್ತಿದ್ದೆವು. ನಮ್ಮ ಡ್ರಿಲ್ ಮೇಷ್ಟ್ರು ಹುಡುಗರ ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದರು. ಆ ಅಭ್ಯಾಸ ನನಗೂ ಅಂಟಿತು, ಇವತ್ತಿಗೂ ಬಿಟ್ಟಿಲ್ಲ.

ಆದರೆ ಆ ಮೆಟ್ಟಿಲ ಮೇಲೆ ನಿಜವಾಗಿ ನಡೆಯುತ್ತಿದ್ದುದು ಶೂ ಪಾಲಿಶ್ ಅಲ್ಲ. ಮೇಧಾ ಎದುರಿಗೆ ಕೂರಿಸಿಕೊಂಡು ಕೇಳಿದರೆ ತುಟಿ ಬಿಚ್ಚದ ಮಗು. ಶಾಲೆ ಹೇಗಿತ್ತು ಎಂದರೆ ಚೆನ್ನಾಗಿತ್ತು, ಊಟ ಮಾಡಿದೆಯಾ ಎಂದರೆ ಮಾಡಿದೆ, ಅಲ್ಲಿಗೆ ಮುಗಿಯಿತು. ಅದೇ ಹುಡುಗಿ ಕೈಗೆ ಬ್ರಷ್ ಬಂದು, ಕಣ್ಣು ಶೂ ಮೇಲೆ ನೆಟ್ಟು, ಪಕ್ಕದಲ್ಲಿ ನಾನೂ ನನ್ನ ಪಾಡಿಗೆ ಉಜ್ಜುತ್ತ ಕೂತೆನೆಂದರೆ ವಾರದ ವರದಿಯನ್ನೆಲ್ಲ ಒಪ್ಪಿಸಿಬಿಡುತ್ತಿದ್ದಳು. ಗೆಳತಿ ಹ್ಯಾನಾಳ ರಬ್ಬರನ್ನು ತಾನು ಕದ್ದದ್ದು, ಎರಡು ದಿನ ಸಂಕಟಪಟ್ಟು ಅದನ್ನು ಅವಳ ಬ್ಯಾಗಿಗೆ ವಾಪಸು ಹಾಕಿದ್ದು, ಲೆಕ್ಕದ ಟೀಚರ್ ಬೈದಾಗ ಬಾತ್‌ರೂಮಿಗೆ ಹೋಗಿ ಅತ್ತದ್ದು, ಎಲ್ಲ ನನಗೆ ತಿಳಿದದ್ದು ಹಾಗೆ. ನಾನು ತಲೆ ಎತ್ತುತ್ತಿರಲಿಲ್ಲ. ಎತ್ತಿದರೆ ಕತೆ ನಿಂತುಹೋಗುತ್ತದೆಂದು ಅನುಭವದಿಂದ ಗೊತ್ತಿತ್ತು.

ಇಷ್ಟು ಸುಖವಾಗಿದ್ದವರು ಯಾಕೆ ಹೊರಟಿರಿ ಎಂದು ನೀವು ಕೇಳಬಹುದು. ಕಂಪನಿಯವರು ಜರ್ಸಿ ಸಿಟಿಯ ಆಫೀಸಿನಲ್ಲಿ ದೊಡ್ಡ ಹುದ್ದೆ ಕೊಡುತ್ತೇವೆ ಎಂದರು, ಅದು ನಿಜ. ಆದರೆ ಅದಕ್ಕಿಂತ ನಿಜವಾದ ಕಾರಣ ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ. ನಮ್ಮ ಬಳಗದಲ್ಲಿ ಪರದೇಶವೆಂದರೆ ಅಮೆರಿಕ; ಇಂಗ್ಲೆಂಡಿನಲ್ಲಿರುವವನು ಒಂದು ಸ್ಟಾಪ್ ಮೊದಲೇ ಬಸ್ಸಿಳಿದುಬಿಟ್ಟವನು. ಮದುವೆ ಮುಂಜಿಗಳಲ್ಲಿ ಯಾರಾದರೂ, ಇನ್ನೂ ಅಲ್ಲೇ ಇದ್ದೀಯೇನಪ್ಪ ಎಂದು ವಿಚಾರಿಸಿದರೆ, ಆ 'ಇನ್ನೂ' ಎನ್ನುವುದು ಎಷ್ಟೋ ದಿನ ಕಿವಿಯಲ್ಲೇ ಉಳಿಯುತ್ತಿತ್ತು. ಶೈಲಾಳಿಗೆ ಮನಸ್ಸಿರಲಿಲ್ಲ. ಅವಳು ಎರಡು ಸಲ ಬೇಡವೆಂದಳು, ಮೂರನೆಯ ಸಲ ಸುಮ್ಮನಾದಳು. ಆ ಸುಮ್ಮನಿರುವಿಕೆಯನ್ನೇ ನಾನು ಒಪ್ಪಿಗೆಯೆಂದು ತೆಗೆದುಕೊಂಡೆ. ಮಗಳನ್ನು ಯಾರೂ ಕೇಳಲಿಲ್ಲ.

ಜುಲೈ ತಿಂಗಳು, ಪ್ರೈಮರಿ ಶಾಲೆಯ ಕೊನೆಯ ವಾರಕ್ಕೆ ಮುಂಚಿನ ಭಾನುವಾರ. ಹನ್ನೊಂದು ತುಂಬಿದ ಮೇಧಾ, ಎಂದಿನಂತೆ ಪೇಪರ್ ತಂದು ಹಾಸಿ, ಬ್ರಷ್ ಹಿಡಿದು ಕೂತಳು. ಸ್ವಲ್ಪ ಹೊತ್ತು ತಿಕ್ಕಿ, ತಲೆ ಎತ್ತದೆಯೇ ಕೇಳಿದಳು:

"ಅಪ್ಪ, ನಾವು ಅಮೆರಿಕಾಗೆ ಹೋಗ್ತಿದೀವಾ?"

ನಾಲ್ಕು ದಿನದ ಹಿಂದೆ ಮೂರು ಟಿಕೆಟ್ ಬುಕ್ ಮಾಡಿ, ಪ್ರಿಂಟ್ ತೆಗೆದು ಇಟ್ಟಿದ್ದೆ. ಹೇಳಬಹುದಿತ್ತು. ಹೇಳುವುದಕ್ಕೆಂದೇ ಇದ್ದಂಥ ಜಾಗ ಅದು, ಅಂಥದೇ ಹೊತ್ತು. ಆದರೆ ಅವಳು ಅತ್ತುಬಿಟ್ಟರೆ ಎಂದು ಹೆದರಿದೆ; ಶಾಲೆಯ ಕೊನೆಯ ವಾರವನ್ನಾದರೂ ನಗುತ್ತ ಕಳೆಯಲಿ ಎಂದು ಆ ಹೆದರಿಕೆಗೆ ಒಂದು ಒಳ್ಳೆಯ ಹೆಸರೂ ಕೊಟ್ಟುಕೊಂಡೆ.

"ಇನ್ನೂ ಏನೂ ಪಕ್ಕಾ ಆಗಿಲ್ಲ ಪುಟ್ಟಿ," ಎಂದೆ.

ಅವಳು "ಓಕೆ" ಎಂದು ಬ್ರಷ್ ತಿಕ್ಕುವುದನ್ನು ಮುಂದುವರಿಸಿದಳು.

ಅಲ್ಲಿ ಶಾಲೆ ಮುಗಿಸುವ ಮಕ್ಕಳದು ಒಂದು ಪದ್ಧತಿಯಿದೆ: ಕೊನೆಯ ದಿನ ಒಬ್ಬರ ಬಿಳಿ ಅಂಗಿಯ ಮೇಲೆ ಇನ್ನೊಬ್ಬರು ಬಣ್ಣದ ಪೆನ್ನಿನಿಂದ ಹೆಸರು, ವಿದಾಯದ ಮಾತು ಬರೆಯುತ್ತಾರೆ. ಬುಧವಾರ ಮೇಧಾ ಮೈತುಂಬ ಬರೆಸಿಕೊಂಡು ಕುಣಿಯುತ್ತ ಮನೆಗೆ ಬಂದಳು. ಒಬ್ಬಳು ನಿನ್ನನ್ನು ಮರೆಯುವುದಿಲ್ಲ ಎಂದು, ಇನ್ನೊಬ್ಬ ಬೈ ಬೈ ಎಂದು ಬರೆದಿದ್ದರೆ, ಎದೆಯ ಹತ್ತಿರ ಹಸಿರು ಶಾಯಿಯಲ್ಲಿ ಹ್ಯಾನಾ ಬರೆದದ್ದು ಬೇರೆಯೇ ಆಗಿತ್ತು: ಸೆಪ್ಟೆಂಬರಿನಲ್ಲಿ ಸಿಗೋಣ. ಇಬ್ಬರೂ ಒಂದೇ ಹೈಸ್ಕೂಲಿಗೆ ಸೇರುವವರಿದ್ದರು. ಮಾರನೆಯ ದಿನ ಹ್ಯಾನಾ ರಜೆ ಕಳೆಯಲು ವೇಲ್ಸಿನಲ್ಲಿದ್ದ ಅಜ್ಜಿಯ ಮನೆಗೆ ಹೋದಳು. ಶನಿವಾರ ನಾನು ಮಗಳಿಗೆ ವಿಷಯ ತಿಳಿಸಿದೆ. ನಾನು ಹೆದರಿದ್ದಂತೆ ಅವಳು ಅಳಲಿಲ್ಲ. ಕಿಟಕಿಯ ಸೀಟು ಸಿಗುತ್ತದೆಯೇ ಎಂದಷ್ಟೇ ಕೇಳಿದಳು. ಹ್ಯಾನಾಳ ಅಮ್ಮನಿಗೆ ಫೋನ್ ಮಾಡಿಕೊಡುತ್ತೇನೆ, ಮಾತಾಡು ಎಂದರೆ ಬೇಡವೆಂದು ತಲೆಯಾಡಿಸಿದಳು. ಮಗಳು ಗಟ್ಟಿಗಿತ್ತಿ ಎಂದು ನಾನು ಶೈಲಾಳ ಮುಂದೆ ಹೊಗಳಿದೆ. ನನ್ನ ಮಾತು ನಂಬಿ, ಸೆಪ್ಟೆಂಬರಿನಲ್ಲಿ ಸಿಗುತ್ತೇನೆಂದು ಗೆಳತಿಗೆ ತಾನು ಹೇಳಿದ್ದು ಸುಳ್ಳಾಯಿತಲ್ಲ, ಅದರ ನಾಚಿಕೆಗೆ ಆ ಮಗು ಫೋನ್ ಬೇಡವೆಂದಿತು ಎಂಬುದು ನನ್ನ ತಲೆಗೆ ಹೊಳೆಯಲು ವರ್ಷಗಳೇ ಬೇಕಾದವು.

ಆಗಸ್ಟಿನಲ್ಲಿ ಇಲ್ಲಿಗೆ ಬಂದಿಳಿದೆವು. ಇಲ್ಲಿ ಮನೆ ಹೂಡುವುದು ಕಷ್ಟವೇನಲ್ಲ, ಸ್ವಾಮಿ; ಒಂದೇ ವಾರದಲ್ಲಿ ಮಂಚ ಬಂತು, ಕಾರು ಬಂತು, ಕೂಗಳತೆಯಲ್ಲೇ ದೋಸೆ ಹಿಟ್ಟು ಸಿಗುವ ಅಂಗಡಿಯೂ ಸಿಕ್ಕಿತು. ಲೆಸ್ಟರಿನಲ್ಲಿ ಮೈಲಿಗಟ್ಟಲೆ ಹೋಗಿ ತರಬೇಕಿದ್ದ ಬ್ಯಾಡಗಿ ಮೆಣಸಿನಕಾಯಿ ಇಲ್ಲಿ ನಡೆದುಹೋಗುವ ದೂರದಲ್ಲೇ ಇತ್ತು. ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಗುವ ಹಿಂದಿನ ದಿನ ನಾನು ಸೂಟ್‌ಕೇಸಿನಿಂದ ಇದೇ ಡಬ್ಬಿ ತೆಗೆದು, ಬಾಲ್ಕನಿಯಲ್ಲಿ ಪೇಪರ್ ಹಾಸಿ ಮಗಳನ್ನು ಕರೆದೆ. ಇಲ್ಲಿ ಯೂನಿಫಾರ್ಮ್ ಇಲ್ಲವಂತೆ ಎಂದಳು. ಯೂನಿಫಾರ್ಮ್ ಇಲ್ಲದಿದ್ದರೇನು, ಅಚ್ಚುಕಟ್ಟಾಗಿ ಹೋಗಬಾರದೇ ಎಂದೆ. ಹೊಸ ಹೈಸ್ಕೂಲಿಗೆಂದು ಲೆಸ್ಟರಿನಲ್ಲೇ ಕೊಂಡಿದ್ದ ಕರಿ ಶೂ ಹಾಕಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳು ಮೊದಲ ದಿನ ಹೋದಳು, ಬಂದಳು. ಹೇಗಿತ್ತು ಎಂದರೆ ಚೆನ್ನಾಗಿತ್ತು ಎಂದಳು.

ಅಲ್ಲಿಂದ ಮುಂದೆ ಒಂದು ವಿಚಿತ್ರ ನಡೆಯಿತು. ಪ್ರತಿ ಭಾನುವಾರ ನಾನು ಪಾಲಿಶ್ ಮಾಡಲು ಕೂತರೆ ಶೂಗೆ ಮಣ್ಣೇ ಇರುತ್ತಿರಲಿಲ್ಲ. ಹಿಂದಿನ ವಾರ ಹಚ್ಚಿದ ಹೊಳಪು ಹಾಗೇ ಇರುತ್ತಿತ್ತು; ಹಿಮ್ಮಡಿ ಸವೆದಿರಲಿಲ್ಲ, ಮೂತಿಗೆ ಗೀರಿಲ್ಲ. ಲೆಸ್ಟರಿನಲ್ಲಾದರೆ ಸೋಮವಾರ ಸಂಜೆಗೇ ಕೆಸರು ಮೆತ್ತಿಕೊಂಡು ಬರುತ್ತಿದ್ದವಳು. ನಾನು ಇದಕ್ಕೆ ಏನೆಂದು ಅರ್ಥ ಮಾಡಿಕೊಂಡೆ ಗೊತ್ತೇ? ದಾವಣಗೆರೆಯ ಅಣ್ಣನಿಗೆ ಫೋನ್ ಮಾಡಿ, ಅಮೆರಿಕದ ರಸ್ತೆಗಳೆಂದರೆ ರಸ್ತೆಗಳು, ಮಕ್ಕಳ ಶೂಗೆ ಒಂದು ವಾರವಾದರೂ ಧೂಳು ಹತ್ತುವುದಿಲ್ಲ ಎಂದು ಕೊಚ್ಚಿಕೊಂಡೆ. ಅವನು ಅದನ್ನು ಬೀದಿಗೆಲ್ಲ ಹೇಳಿದ. ಪಕ್ಕದಲ್ಲಿ ಬ್ರಷ್ ಹಿಡಿದು ಕೂತ ಮೇಧಾ ಮಾತ್ರ ಈಗ ಏನೂ ಹೇಳುತ್ತಿರಲಿಲ್ಲ. ಹೊಳೆಯುವ ಶೂವನ್ನೇ ಮತ್ತೆ ಹೊಳೆಯಿಸಿ ಒಳಗೆ ಹೋಗುತ್ತಿದ್ದಳು.

ಅಕ್ಟೋಬರಿನ ಒಂದು ಬೆಳಿಗ್ಗೆ ಆಫೀಸಿಗೆಂದು ರೈಲ್ವೆ ಸ್ಟೇಷನ್‌ವರೆಗೂ ಹೋದವನು ಲ್ಯಾಪ್‌ಟಾಪಿನ ಚಾರ್ಜರ್ ಮರೆತೆನೆಂದು ಹಿಂದಿರುಗಿದೆ. ನಮ್ಮ ಬೀದಿಯ ತಿರುವಿನಲ್ಲಿ ಶಾಲೆಯ ಬಸ್ಸು ನಿಲ್ಲುವ ಜಾಗವಿದೆ. ಬಸ್ಸಿಗೆ ಇನ್ನೂ ಹೊತ್ತಿತ್ತು, ಬೇರೆ ಮಕ್ಕಳು ಬಂದಿರಲಿಲ್ಲ. ಪೊದೆಯ ಮರೆಯಲ್ಲಿ, ಫುಟ್‌ಪಾತಿನ ಅಂಚಿಗೆ ಕೂತು ನನ್ನ ಮಗಳು ಕರಿ ಶೂ ಬಿಚ್ಚುತ್ತಿದ್ದಳು. ಕಿತ್ತು ಬಿಸಾಡುವ ಹಾಗಲ್ಲ. ಒಂದಕ್ಕೊಂದು ತಾಗಿ ಗೀರಾಗದಂತೆ ಒಂದೊಂದನ್ನೇ ಬೇರೆ ಬೇರೆ ಕವರಿನಲ್ಲಿ ಸುತ್ತಿ, ಜೋಪಾನವಾಗಿ ಬ್ಯಾಗಿನೊಳಗಿಟ್ಟು, ಬಿಳಿ ಸ್ನೀಕರ್ಸ್ ತೆಗೆದು ಹಾಕಿಕೊಂಡಳು. ನಾನು ಮರದ ಹಿಂದೆ ಸರಿದು ನಿಂತೆ. ಚಾರ್ಜರ್ ತರಲು ಹೋಗದೆ ಹಾಗೇ ಸ್ಟೇಷನ್ನಿಗೆ ವಾಪಸಾದೆ.

ಸಂಜೆ ಶೈಲಾಳನ್ನು ಕೇಳಿದೆ. ಸ್ನೀಕರ್ಸ್ ಕೊಡಿಸಿದ್ದು ಅವಳೇ. ಮೊದಲ ದಿನ ಇಡೀ ಶಾಲೆಯಲ್ಲಿ ಕರಿ ಶೂ ಹಾಕಿಕೊಂಡಿದ್ದವಳು ಮೇಧಾ ಒಬ್ಬಳೇ. ಇಲ್ಲಿ ಕರಿ ಉಡುಪು, ಕರಿ ಶೂ ತೊಡುವುದು ಶಾಲೆಯ ವಾದ್ಯವೃಂದದ ಮಕ್ಕಳು, ಅದೂ ಕಚೇರಿಯ ದಿನ ಮಾತ್ರ. ನೀನು ಆರ್ಕೆಸ್ಟ್ರಾದವಳಾ, ಇವತ್ತು ಕಾನ್ಸರ್ಟ್ ಇದೆಯಾ ಎಂದು ಕೇಳಿ ಕೇಳಿ ಹುಡುಗರು ನಕ್ಕಿದ್ದರಂತೆ. ನನಗ್ಯಾಕೆ ಹೇಳಲಿಲ್ಲ ಎಂದೆ.

"ಅಪ್ಪಂಗೆ ಬೇಜಾರಾಗುತ್ತೆ, ಹೇಳ್ಬೇಡ ಅಂದ್ಲು. ನೀವೂ ಅಷ್ಟು ಖುಷಿಯಾಗಿ ಉಜ್ತಾ ಕೂತಿರ್ತಿದ್ರಿ, ನಂಗೂ ಬಾಯಿ ಬರ್ಲಿಲ್ಲ," ಎಂದಳು ಶೈಲಾ.

ಇನ್ನೊಬ್ಬರಿಗೆ ಬೇಜಾರಾಗದಿರಲಿ ಎಂದು ಸುಳ್ಳು ಹೇಳುವುದನ್ನು ನನ್ನ ಮಗಳು ಯಾರಿಂದ ಕಲಿತಳೆಂದು ಹುಡುಕಿಕೊಂಡು ನಾನು ದೂರ ಹೋಗಬೇಕಾಗಿರಲಿಲ್ಲ. ಆ ಭಾನುವಾರ ಅವಳು ಬಾಲ್ಕನಿಗೆ ಬಂದಾಗ, ಪಾಲಿಶ್ ಮುಗಿದುಹೋಯಿತು, ಇಲ್ಲಿ ಈ ಥರದ್ದು ಸಿಗುವುದಿಲ್ಲ, ಇನ್ನು ಮೇಲೆ ಸ್ನೀಕರ್ಸ್ ಹಾಕಿಕೊಂಡು ಹೋಗು ಎಂದೆ. ಅವಳ ಮುಖದಲ್ಲಿ ಕಂಡ ನಿರಾಳವನ್ನು ನೋಡಿ, ಎಂಥ ಜಾಣತನದಿಂದ ಮಗಳ ಮಾನ ಉಳಿಸಿದೆ ಎಂದು ಬೀಗಿದೆ. ಸತ್ಯ ಹೇಳಿ, ಇಬ್ಬರೂ ಒಂದಿಷ್ಟು ನಕ್ಕು, ಆ ಸ್ನೀಕರ್ಸನ್ನೇ ಜೊತೆಗೆ ಕೂತು ತೊಳೆಯಬಹುದಿತ್ತಲ್ಲ ಎಂಬ ಯೋಚನೆ ನನಗೆ ಬರಲಿಲ್ಲ. ಹಾಗೆ ನಮ್ಮ ಭಾನುವಾರ ಸಂಜೆ ಮುಗಿಯಿತು. ಮುಂದೆ ಅವಳ ಕೋಣೆಯ ಬಾಗಿಲು ಹಾಕಿರುತ್ತಿತ್ತು, ನನ್ನ ಕೈಯಲ್ಲಿ ಫೋನ್ ಇರುತ್ತಿತ್ತು.

ಆರು ವರ್ಷ ಕಳೆದವು. ದಿನಾ ರೈಲು ಹತ್ತಿ, ನುವಾರ್ಕಿನಲ್ಲಿ ಗಾಡಿ ಬದಲಿಸಿ, ಹ್ಯಾರಿಸನ್ನಿನ ಹೊಸ ಹೊಸ ಅಪಾರ್ಟ್‌ಮೆಂಟುಗಳನ್ನು ನೋಡುತ್ತ ಜರ್ಸಿ ಸಿಟಿಗೆ ಕಮ್ಯೂಟ್ ಮಾಡುತ್ತೇನೆ. ಹಳೆ ಚಾಳಿಯಂತೆ ಎದುರಿನವರ ಕಾಲು ನೋಡುತ್ತೇನೆ. ಸೂಟು ತೊಟ್ಟವರೂ ಇಲ್ಲಿ ಸ್ನೀಕರ್ಸ್‌ನಲ್ಲೇ ಇರುತ್ತಾರೆ. ಯಾರಾದರೂ ಕೇಳಿದರೆ ಚೆನ್ನಾಗಿ ಸೆಟ್ಲ್ ಆಗಿದ್ದೇವೆ ಎನ್ನುತ್ತೇನೆ, ಅದು ಸುಳ್ಳೂ ಅಲ್ಲ. ಆದರೆ ಹನ್ನೊಂದರಿಂದ ಹದಿನೇಳರವರೆಗಿನ ನನ್ನ ಮಗಳ ಬದುಕಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ರಿಪೋರ್ಟ್ ಕಾರ್ಡಿನಲ್ಲಿ ಇದ್ದಷ್ಟೇ. ಅವಳ ಈಗಿನ ಗೆಳತಿಯ ಹೆಸರು ಕೇಳಿದರೆ ನಾನು ಶೈಲಾಳ ಮುಖ ನೋಡಬೇಕು. ನಾನು ಬಿಟ್ಟು ಬಂದದ್ದು ಇಂಗ್ಲೆಂಡನ್ನಲ್ಲ, ಆ ಮೆಟ್ಟಿಲನ್ನು. ಅದಕ್ಕಾಗಿ ನಾನು ಪಡುವ ಪಶ್ಚಾತ್ತಾಪಕ್ಕೆ ಕೊನೆಯಿಲ್ಲ.

ಕಳೆದ ಭಾನುವಾರ ಮಳೆಯಿತ್ತು. ನಾಲ್ಕು ಗಂಟೆಗೆ ಮೇಧಾಳ ಕಾನ್ಸರ್ಟ್. ಹೌದು, ಹುಡುಗರು ನಕ್ಕ ಮರುವರ್ಷ ಅವಳು ನಿಜವಾಗಿಯೂ ಆರ್ಕೆಸ್ಟ್ರಾ ಸೇರಿ ಪಿಟೀಲು ಕಲಿತಳು. ಯಾಕೆಂದು ನಾನು ಕೇಳಿರಲಿಲ್ಲ. ಕೊಡೆ ಹುಡುಕಲು ಹೋಗಿ, ಡಬ್ಬಿ ಹಿಡಿದು ನಿಂತಿದ್ದಾಗ ಅವಳು ಕರಿ ಉಡುಪಿನಲ್ಲಿ, ಕೈಯಲ್ಲಿ ಧೂಳು ಹಿಡಿದ ಕರಿ ಶೂ ಹಿಡಿದು ಕೆಳಗಿಳಿದು ಬಂದಳು. ಡಬ್ಬಿ ನೋಡಿದಳು.

"ಪಾಲಿಶ್ ಮುಗೀತು ಅಂದಿದ್ದೆ ಅಲ್ವಾ ಅಪ್ಪ?"

ಈ ಸಲ ಸುಳ್ಳು ಬಾಯಿಗೆ ಬರಲಿಲ್ಲ. ಡಬ್ಬಿಯನ್ನು ಬಿಸಿನೀರಿನ ಬಟ್ಟಲಿನಲ್ಲಿ ಕೂರಿಸಿ, ನೆಲದ ಮೇಲೆ ಪೇಪರ್ ಹಾಸಿದೆ. ಕೇಳುವ ಮೊದಲೇ ಅವಳು ಪಕ್ಕದಲ್ಲಿ ಕೂತಳು. ಮೇಣ ಮೆತ್ತಗಾಗುತ್ತ ಬಂದಂತೆ ಬಟ್ಟೆಗೆ ಹತ್ತಿಸಿಕೊಂಡು ಉಜ್ಜತೊಡಗಿದೆ. ತಲೆ ಎತ್ತದೆ, ಬಸ್ ಸ್ಟಾಪಿನಲ್ಲಿ ಅವಳನ್ನು ಕಂಡದ್ದನ್ನು ಹೇಳಿದೆ. ಆಮೇಲೆ ಅದಕ್ಕೂ ಹಿಂದಿನದನ್ನು ಹೇಳಿದೆ.

"ಲೆಸ್ಟರಲ್ಲಿ ನೀನು ಕೇಳಿದಾಗ ಟಿಕೆಟ್ ಆಗ್ಲೇ ಆಗಿತ್ತು ಪುಟ್ಟಿ. ನಾನು ಸುಳ್ಳು ಹೇಳ್ದೆ."

"ಐ ನೋ," ಎಂದಳು ಅವಳು, ಬ್ರಷ್ ತಿಕ್ಕುತ್ತ. "ಪೇಪರ್ ತರೋಕೆ ಹೋದಾಗ ಡ್ರಾಯರಲ್ಲಿ ಟಿಕೆಟ್ ನೋಡಿದ್ದೆ. ಅದಕ್ಕೇ ನಿನ್ನ ಕೇಳಿದ್ದು."

ನೋಡಿದ ಮೇಲೂ ಹ್ಯಾನಾಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಯೂ ಸೆಡ್ ನಥಿಂಗ್ ವಾಸ್ ಫಿಕ್ಸ್ಡ್. ಸೋ... ಟಿಕೆಟ್ ಬಿಟ್ಟು ನಿನ್ನ ನಂಬಿದೆ."

ಕೋಪದಿಂದ ಹೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಅವಳು ಅದನ್ನು ರಬ್ಬರ್ ಕದ್ದ ಕತೆ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದಳು. ಅಚ್ಚಾದ ಟಿಕೆಟ್ಟನ್ನು ಕಣ್ಣಾರೆ ಕಂಡೂ ಅಪ್ಪನ ಮಾತೇ ನಿಜವಿರಬೇಕೆಂದುಕೊಂಡ ಹನ್ನೊಂದು ವರ್ಷದ ಹುಡುಗಿಗೆ ತಪ್ಪಾಯ್ತು ಎಂದೆ. ಅವಳು, ಎಡ ಶೂವಿನ ಹಿಂಬದಿಗೆ ಪಾಲಿಶ್ ಸಾಲದು ಎಂದಳು. ಹಚ್ಚಿದೆ.

ಸೋಮವಾರ ಬೆಳಿಗ್ಗೆ ಹೊರಡುವಾಗ ನೋಡಿದರೆ ಆ ಶೂ ಬಾಗಿಲ ಬಳಿ ಇತ್ತು. ಮಳೆಯಲ್ಲಿ ಪಾರ್ಕಿಂಗ್ ಜಾಗದ ಹುಲ್ಲು ದಾಟಿ ಬಂದದ್ದರಿಂದ ಹಿಮ್ಮಡಿಗೆ ಕೆಸರು ಮೆತ್ತಿ, ಮೂತಿಗೊಂದು ಹುಲ್ಲಿನೆಸಳು ಅಂಟಿಕೊಂಡಿತ್ತು. ಬ್ರಷ್ ಕೈಗೆತ್ತಿಕೊಂಡವನು ಹಾಗೇ ಕೆಳಗಿಟ್ಟೆ. ಆಗಸ್ಟಿನಲ್ಲಿ ಅವಳು ದೂರದ ಕಾಲೇಜಿಗೆ ಹೋಗುತ್ತಾಳೆ. ಇದನ್ನು ಬರೆಯುತ್ತಿರುವುದು ಬುಧವಾರ. ಶೂ ಈಗಲೂ ಮಣ್ಣಿನ ಸಮೇತ ಅಲ್ಲೇ ಇದೆ, ನಾನೂ ಮುಟ್ಟಿಲ್ಲ, ಅವಳೂ ಮುಟ್ಟಿಲ್ಲ. ಭಾನುವಾರಕ್ಕೆ ಇನ್ನು ನಾಲ್ಕು ದಿನ.