ಮಲವಗೊಪ್ಪದ ನಲ್ಲಿ ಓಬಯ್ಯ

ದುರ್ಗಿಗುಡಿಯ ಆ ಅಡ್ಡರಸ್ತೆಯ ಮನೆಗಳಿಗೆ ನಲ್ಲಿ ಬಂದದ್ದು ಐವತ್ತೇಳರ ಬೇಸಿಗೆಯಲ್ಲಿ. ಬಸವರಾಜೇಶ್ವರಿ ಮುರುಗೇಶಪ್ಪ ಮೇಷ್ಟ್ರ ಹೆಂಡತಿಯಾಗಿ ಆ ಬೀದಿಗೆ ಬಂದು ಆಗ ಎರಡು ವರ್ಷ. ಹಿತ್ತಲ ಬಾವಿಯಿಂದ ದಿನವೂ ನೀರು ಸೇದಿ ಸೇದಿ ಅವಳ ಅಂಗೈ ಒರಟಾಗಿತ್ತು. ತವರಿಗೆ ಹೋದಾಗ ತಾಯಿ ಆ ಕೈಯನ್ನು ಹಿಡಿದು ನೋಡಿ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಅಂಥದ್ದರಲ್ಲಿ ಹಿತ್ತಲ ಗೋಡೆಯ ಪಕ್ಕ ಮೊಳಕಾಲೆತ್ತರಕ್ಕೆ ಒಂದು ಕಬ್ಬಿಣದ ಪೈಪು ಎದ್ದು, ಅದರ ಮೂತಿಗೆ ಹಿತ್ತಾಳೆಯ ನಲ್ಲಿ ಕೂತು, ತಿರುಗಿಸಿದ ಕೂಡಲೇ ತುಂಗೆಯ ನೀರು ಬುಸುಗುಟ್ಟಿ ಸುರಿದಾಗ ಅವಳಿಗೆ ಕಣ್ಣು ತುಂಬಿತು. ಅತ್ತೆ ನೋಡಿಯಾಳೆಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಆದರೆ ನಲ್ಲಿ ಕೂರಿಸಿ ಹೋದವನು ಕೆಲಸ ಬಲ್ಲವನಾಗಿರಲಿಲ್ಲ. ಹದಿನೈದು ದಿನದೊಳಗೆ ತಿರುಪಿನ ಸಂದಿನಿಂದ ನೀರು ಜಿನುಗತೊಡಗಿತು. ಅವನನ್ನು ಹುಡುಕಿದರೆ ಸಾಗರದ ಕಡೆ ಹೋಗಿದ್ದಾನೆ ಎಂದರು. ಮತ್ತೊಬ್ಬ ಬಂದು ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿ ಹೋದ. ಮೊದಲು ತೊಟ್ಟಿಕ್ಕುತ್ತಿದ್ದದ್ದು ಧಾರೆಯಾಯಿತು. ಮೂರನೆಯವನು ಇಗೋ ಬಂದೆ ಎಂದವನು ಬರಲೇ ಇಲ್ಲ. ಊರಿಗೆ ನಲ್ಲಿ ಹೊಸದು, ಅದನ್ನು ರಿಪೇರಿ ಮಾಡುವವರೂ ಹೊಸಬರು. ಯಾರನ್ನು ನಂಬುವುದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಮುರುಗೇಶಪ್ಪನವರ ಶಾಲೆಯ ಡ್ರಿಲ್ ಮೇಷ್ಟ್ರು ಚೌಡಪ್ಪ, ಮಲವಗೊಪ್ಪದ ಓಬಯ್ಯನನ್ನು ಕರೆಸಿ ನೋಡಿ ಎಂದರು.

ಓಬಯ್ಯನಿಗೆ ಆಗ ಮೂವತ್ತೈದರ ಹತ್ತಿರ. ಕಪ್ಪಗೆ, ಗಿಡ್ಡಗೆ, ಮಾತು ಕಡಿಮೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯವರಿಗೆ ಕ್ವಾರ್ಟರ್ಸ್ ಏಳುತ್ತಿದ್ದ ಕಾಲಕ್ಕೆ ಒಬ್ಬ ತಮಿಳು ಮೇಸ್ತ್ರಿಯ ಕೈಕೆಳಗೆ ಸೇರಿ, ಹನ್ನೊಂದು ವರ್ಷ ಪೈಪು ಹೊತ್ತು, ಕೊಯ್ದು, ಜೋಡಿಸಿ ಕಲಿತ ಕೆಲಸ ಅವನದು. ಮೇಸ್ತ್ರಿ ತನ್ನೂರಿಗೆ ಹೊರಟಾಗ ಪೈಪು ತಿರುಗಿಸುವ ತನ್ನ ದೊಡ್ಡ ಪಾನಾವನ್ನು ಇವನ ಕೈಗಿಟ್ಟು ಹೋಗಿದ್ದ. ಆ ಪಾನಾ, ಒಂದು ಗೋಣಿಚೀಲ, ಒಂದು ಹಳೇ ಸೈಕಲ್ಲು, ಇವಿಷ್ಟೇ ಅವನ ಬಂಡವಾಳ. ಪೈಪು ಹಟ ಹಿಡಿದಾಗ ಅದನ್ನು ಬೈಯುತ್ತಿದ್ದದ್ದು ಮಾತ್ರ ತಮಿಳಿನಲ್ಲಿ.

ಅವನು ಮುಂಬಾಗಿಲಿಗೆ ಬರಲಿಲ್ಲ. ಯಾರೂ ಹೇಳದೆಯೇ ಪಕ್ಕದ ಓಣಿ ಬಳಸಿ ಹಿತ್ತಲಿಗೆ ಬಂದು, ಸೈಕಲ್ಲನ್ನು ಗೋಡೆಗೆ ಒರಗಿಸಿ, ಪೈಪಿಗೆ ಕಿವಿ ಕೊಟ್ಟು ಕೂತ. ವೈದ್ಯರು ಎದೆ ಕೇಳುವ ಹಾಗೆ ಕಂಡು ಬಸವರಾಜೇಶ್ವರಿಗೆ ನಗು ಬಂತು. ಆಮೇಲೆ ನಲ್ಲಿಯನ್ನು ಬಿಚ್ಚಿ, ಅದರ ಭಾಗಗಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದೊಂದಾಗಿ ಇಟ್ಟ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಕಾಶಮ್ಮ, ಆ ಕಪ್ಪಗೆ ಬಿಲ್ಲೆಯಂತಿರುವುದು ಏನು ಎಂದು ಕೇಳಿದರು.

"ಚರ್ಮ, ದೊಡ್ಡಮ್ಮಾರೇ. ವಾಷರ್ ಅಂತಾರೆ. ಇದು ಒತ್ಕೊಂಡ್ರೇ ನೀರು ನಿಲ್ಲೋದು."

ಕಾಶಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಅವರದು ಬೆಳಗಾಗೆದ್ದು ಮಿಂದು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡದೆ ತೊಟ್ಟು ನೀರೂ ಮುಟ್ಟದ ನೇಮ. ಲಿಂಗಕ್ಕೆ ಎರೆಯುವ ಅಗ್ಘವಣಿ ನಲ್ಲಿ ಬಂದ ದಿನದಿಂದ ಚರ್ಮ ಮುಟ್ಟಿ ಬರುತ್ತಿತ್ತು ಎಂಬುದನ್ನು ಅವರಿಂದ ತಾಳಿಕೊಳ್ಳಲಾಗಲಿಲ್ಲ. ಬಸವಣ್ಣನವರ ಕಾಲದಲ್ಲಿ ಚಪ್ಪಲಿ ಹೊಲಿಯುವವರೂ ಶರಣರಾಗಿರಲಿಲ್ಲವೇ ಎಂದು ಮಗ ಮೆಲ್ಲಗೆ ಹೇಳಿ ನೋಡಿದರು. "ಅವರು ಶರಣರು ಕಣಪ್ಪ. ನಿನ್ನ ನಲ್ಲಿ ಶರಣ ಅಲ್ಲ" ಎಂದುಬಿಟ್ಟರು ಕಾಶಮ್ಮ. ಅಂದಿನಿಂದ ನಲ್ಲಿ ನೀರು ಬಟ್ಟೆಗೆ, ಪಾತ್ರೆಗೆ, ದನಕ್ಕೆ. ಒಳಗಿನದಕ್ಕೆಲ್ಲ ಮತ್ತೆ ಬಾವಿಯೇ ಗತಿ.

ಸಂದಿನಿಂದ ಈಗ ಒಂದು ಹನಿಯೂ ಜಿನುಗುತ್ತಿರಲಿಲ್ಲ. ಓಬಯ್ಯ ಹೋಗುವ ಮುನ್ನ ಬಾಯಿಗೆ ಎಲೆಅಡಿಕೆ ಹಾಕಿಕೊಂಡು, ಅದು ಮುಗಿಯುವ ತನಕ ನಲ್ಲಿಯನ್ನೇ ದಿಟ್ಟಿಸುತ್ತ ಕುಕ್ಕರುಗಾಲಿನಲ್ಲಿ ಕೂತಿದ್ದು, ಖಾತ್ರಿ ಮಾಡಿಕೊಂಡೇ ಎದ್ದಿದ್ದ. ಆದರೂ ಬಸವರಾಜೇಶ್ವರಿಗೆ ಅವನ ಮೇಲೆ ಕೋಪ ಬಂತು. ಎಂಥದೋ ಒಂದು ಬಿಲ್ಲೆ ಅಂದಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಹಗ್ಗ ಹಿಡಿದು ರಾಟೆ ಕಿರುಗುಟ್ಟಿಸುವಾಗೆಲ್ಲ ಅವನನ್ನು ಶಪಿಸಿದಳು.

ಎಂಟು ದಿನ ಕಳೆದ ಮೇಲೆ ಓಬಯ್ಯ ಯಾರೂ ಕರೆಯದೆಯೇ ಮತ್ತೆ ಬಂದ. ಭದ್ರಾವತಿಯಲ್ಲಿ ಲಾರಿ ಟ್ಯೂಬಿಗೆ ಪಂಚರ್ ಹಾಕುವವನ ಹತ್ತಿರ ದಪ್ಪನೆಯ ರಬ್ಬರಿನ ತುಂಡು ಇಸಕೊಂಡು, ಅದನ್ನು ಬಿಲ್ಲೆಗಳಾಗಿ ಕೊಯ್ದು ತಂದಿದ್ದ. ಹಳೆಯ ಚರ್ಮದ ಬಿಲ್ಲೆಯನ್ನು ತೆಗೆದು ಕಾಶಮ್ಮನವರಿಗೆ ದೂರದಿಂದಲೇ ತೋರಿಸಿ, ಗೋಡೆಯಾಚೆ ಎಸೆದ. ಇದು ಮರದ ಹಾಲಿನಿಂದ ಮಾಡೋದು, ಆದರೆ ಚರ್ಮದಷ್ಟು ದಿನ ಬಾಳಿಕೆ ಬರುವುದಿಲ್ಲ, ಆರು ತಿಂಗಳಿಗೊಮ್ಮೆ ಬದಲಾಯಿಸಬೇಕಾಗುತ್ತದೆ ಎಂದು ವಿವರಿಸಿದ. ಕಾಶಮ್ಮ ನಲ್ಲಿಯನ್ನು ಹುಣಸೆಹಣ್ಣು ಹಚ್ಚಿ ಮೂರು ಸಲ ಬೆಳಗಿ, ಅಂದು ಸಂಜೆಯೇ ಅದರ ನೀರನ್ನು ಒಳಗೆ ತರಲು ಸೊಸೆಗೆ ಅಪ್ಪಣೆ ಕೊಟ್ಟರು. ಬಸವರಾಜೇಶ್ವರಿಗೆ ತಾನು ಬೈದುಕೊಂಡದ್ದೆಲ್ಲ ನೆನಪಾಗಿ ಅವನಿಗೆ ಎರಡು ಲೋಟದಷ್ಟು ಕಾಫಿ ಬೆರೆಸಿದಳು. ಅವನಿಗೆಂದೇ ಗೋಡೆಯ ಗೂಡಿನಲ್ಲಿಟ್ಟ ಬೇರೆ ಲೋಟಕ್ಕೆ ಎತ್ತರದಿಂದ ಸುರಿದಳು. ಆ ಮನೆಯಲ್ಲಿ ಆಗ ಹಾಗಿತ್ತು.

ಅಲ್ಲಿಂದ ಓಬಯ್ಯ ಆ ಬೀದಿಗೇ ಬೇಕಾದವನಾದ. ಯಾರ ಮನೆಯಲ್ಲೂ ಫೋನಿಲ್ಲದ ಕಾಲ. ಬಸ್ ಸ್ಟ್ಯಾಂಡಿಗೆ ಹೋಗಿ ಭದ್ರಾವತಿ ಕಡೆಯ ಯಾವ ಬಸ್ಸಿನ ಕಂಡಕ್ಟರಿಗಾದರೂ ಇಂಥವರ ಮನೆಯಲ್ಲಿ ನಲ್ಲಿ ಕೆಟ್ಟಿದೆ ಎಂದರೆ ಸಾಕು. ಬಸ್ಸು ಮಲವಗೊಪ್ಪದಲ್ಲಿ ನಿಂತಾಗ ಆ ಮಾತು ಜಲಜಮ್ಮನ ಚಹಾ ಅಂಗಡಿಗೆ ಇಳಿಯುತ್ತಿತ್ತು. ಜಲಜಮ್ಮ ಅದನ್ನು ಓಬಯ್ಯನ ಹೆಂಡತಿ ಸಣ್ಣಮ್ಮನಿಗೆ ಮುಟ್ಟಿಸುತ್ತಿದ್ದಳು. ಗಂಟೆಯೊಳಗೆ ಓಣಿಯಲ್ಲಿ ಸೈಕಲ್ಲಿನ ಸದ್ದು. ಮಳೆಗಾಲದಲ್ಲಿ ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡಾದರೂ ಬರುತ್ತಿದ್ದ. ಆಗದ ದಿನ ಆಗುವುದಿಲ್ಲ ಎಂದು ಅದೇ ದಾರಿಯಲ್ಲಿ, ವಾಪಸು ಬರುವ ಬಸ್ಸಿನಲ್ಲಿ ಹೇಳಿ ಕಳಿಸುತ್ತಿದ್ದ. ಆರು ತಿಂಗಳಾದ ಕೂಡಲೇ ಕಾಶಮ್ಮನವರ ರಬ್ಬರು ಬದಲಾಯಿಸಲು ತಾನಾಗಿಯೇ ಹಾಜರು. ಅವನು ಬಂದಾಗ ಕಾಶಮ್ಮ ಬಾಗಿಲಲ್ಲಿ ಕೂತು, ಮಳೆ, ಬೆಳೆ, ಸಣ್ಣಮ್ಮನ ಮಂಡಿನೋವು ಎಲ್ಲ ವಿಚಾರಿಸುತ್ತಿದ್ದರು. ಗೂಡಿನ ಲೋಟ ಮಾತ್ರ ಗೂಡಿನಲ್ಲೇ.

ಅರವತ್ತೊಂದರ ಚೈತ್ರದಲ್ಲಿ ಒಂದು ಸೋಮವಾರ ಮನೆಯಲ್ಲಿ ಮಠದ ಸ್ವಾಮಿಗಳ ಪಾದಪೂಜೆ ಇಟ್ಟುಕೊಂಡಿದ್ದರು. ಕಾಶಮ್ಮನವರ ಎಷ್ಟೋ ವರ್ಷದ ಹಂಬಲ. ಎಪ್ಪತ್ತು ಎಲೆಯ ಊಟ. ಬಾವಿ ತಳ ಕಂಡಿತ್ತು. ಸೇದಿದರೆ ಅರ್ಧ ಕೊಡ ಕೆಂಪು ನೀರು. ಬೆಳಿಗ್ಗೆ ಎಂಟಕ್ಕೆ ಅಡಿಗೆಗೆ ಬಂದ ಹೆಂಗಸೊಬ್ಬಳು ದೊಡ್ಡ ಹಂಡೆ ತುಂಬಿಸುವ ಅವಸರದಲ್ಲಿ ನಲ್ಲಿಯ ಕಿವಿಯನ್ನು ಎಷ್ಟು ಜೋರಾಗಿ ತಿರುಚಿದಳೆಂದರೆ ಅದು ಕೈಗೇ ಬಂತು. ನೀರು ಗೋಡೆಯೆತ್ತರಕ್ಕೆ ಚಿಮ್ಮಿತು. ಕೊಟ್ಟಿಗೆಯ ಸೌದೆ ತೋಯ್ದಿತು, ಹಿತ್ತಲ ಒಲೆಗಳಿಗೆ ನೀರು ನುಗ್ಗಿತು. ಮುರುಗೇಶಪ್ಪ ನಲ್ಲಿಯ ಬಾಯಿಗೆ ಪಂಚೆ ಒತ್ತಿ ಹಿಡಿದು ತೊಪ್ಪೆಯಾಗಿ ನಿಂತರು. ಚೌಡಪ್ಪ ಮೇಷ್ಟ್ರು ಬಸ್ ಸ್ಟ್ಯಾಂಡಿಗೆ ಓಡಿದರು.

ಓಬಯ್ಯ ಬಂದಾಗ ಒಂಬತ್ತೂವರೆ. ಬಂದವನೇ ರಸ್ತೆಯ ಅಂಚಿನಲ್ಲಿ ಮಣ್ಣು ಕೆದಕಿ, ಮನೆಯ ಪೈಪಿಗೆ ನೀರು ಬಿಡುವ ತುಕ್ಕು ಹಿಡಿದ ತಿರುಪನ್ನು ಪಾನಾದಲ್ಲಿ ತಿರುಗಿಸಿ ನೀರು ನಿಲ್ಲಿಸಿದ. ಮುರಿದ ನಲ್ಲಿ ತೆಗೆದು, ಚೀಲದಲ್ಲಿದ್ದ ಹೊಸದೊಂದನ್ನು ಹೊರತೆಗೆದ. ಅಂಗಡಿಯ ನಲ್ಲಿ, ಒಳಗೆ ಚರ್ಮವೇ. ಡಬ್ಬಿಯಿಂದ ತನ್ನ ರಬ್ಬರಿನ ಬಿಲ್ಲೆ ತೆಗೆದು ಹಾಕಿ ನೋಡಿದ. ಬಿಸಿಲಿಗೆ ಒಣಗಿದ್ದ ಅದು ಬಿಗಿ ಕೊಟ್ಟ ಕೂಡಲೇ ಸೀಳಿತು. ಇನ್ನೊಂದು ಹಾಕಿದ; ಅದೂ ಹಾಗೇ. ಮೂರನೆಯದಿರಲಿಲ್ಲ. ಸ್ವಾಮಿಗಳು ಬರುವ ಹೊತ್ತಾಗುತ್ತಿತ್ತು, ಒಳಗಿನಿಂದ ನೀರು ನೀರು ಎಂಬ ಕೂಗು. ಓಬಯ್ಯ ಚರ್ಮದ ಬಿಲ್ಲೆಯನ್ನೇ ಮತ್ತೆ ಕೂರಿಸಿ, ನಲ್ಲಿ ಬಿಗಿದು, ರಸ್ತೆಯ ತಿರುಪು ಸಡಿಲಿಸಿ ಬಂದ. ನೀರು ತಿರುಗಿಸಿದರೆ ಬಂತು, ನಿಲ್ಲಿಸಿದರೆ ನಿಂತಿತು.

ಅದನ್ನು ನೋಡಿದವಳು ಬಸವರಾಜೇಶ್ವರಿ ಒಬ್ಬಳೇ. ದೊಡ್ಡಮ್ಮನವರನ್ನು ಕರೆಯಿರಿ ಎಂದ ಓಬಯ್ಯ. ಅವಳು, ಇವತ್ತೊಂದು ದಿನ ಸುಮ್ಮನಿರು, ನಾಳೆ ರಬ್ಬರು ಹಾಕಿದರಾಯಿತು, ಅವರಿಗೆ ಗೊತ್ತಾದರೆ ಪೂಜೆಯೇ ನಿಲ್ಲುತ್ತದೆ ಎಂದು ತಗ್ಗಿದ ದನಿಯಲ್ಲಿ ಬೇಡಿಕೊಂಡಳು.

"ನಾಕು ವರ್ಷದಿಂದ ನನ್ನ ಮಾತಿನ ಮೇಲೆ ಈ ನೀರು ಕುಡೀತಿದಾರೆ ಅಮ್ಮಾರೇ" ಎಂದ ಓಬಯ್ಯ. "ಇವತ್ತು ಮುಚ್ಚಿಟ್ರೆ ಆಮೇಲೆ ಈ ನಲ್ಲಿ ಮುಟ್ಟೋಕೆ ನಂಗೆ ಕೈ ಬರಲ್ಲ."

ಅವಳು ಒಳಗೆ ಹೋಗಿ ಕರೆದಳು. ಕಾಶಮ್ಮ ಮಡಿಯುಟ್ಟು ಬಂದು ಬಾಗಿಲಲ್ಲಿ ನಿಂತರು. ಓಬಯ್ಯ ತಲೆಗೆ ಸುತ್ತಿದ್ದ ವಸ್ತ್ರವನ್ನು ಬಿಚ್ಚಿ ಕೈಯಲ್ಲಿ ಹಿಡಿದು, ರಬ್ಬರು ಸೀಳಿದ್ದು, ಚರ್ಮ ಹಾಕಿದ್ದು, ಎಲ್ಲ ಹೇಳಿ ಮುಗಿಸಿದ. ಬಸವರಾಜೇಶ್ವರಿ ಕಂಬ ಹಿಡಿದು ನಿಂತಿದ್ದಳು.

"ಹೇಳ್ದೇ ಹೋಗಿದ್ರೆ ನಂಗೆ ಗೊತ್ತಾಗ್ತಿತ್ತೇನೋ?" ಎಂದು ಕೇಳಿದರು ಕಾಶಮ್ಮ.

"ಇಲ್ಲ ದೊಡ್ಡಮ್ಮಾರೇ."

ಕಾಶಮ್ಮ ಮಗನನ್ನು ಕರೆದರು. ಬಾವಿಯಲ್ಲಿ ಇರುವಷ್ಟನ್ನು ಸೇದಿ, ಬಿಳಿ ಬಟ್ಟೆಯಲ್ಲಿ ನಾಲ್ಕು ಪದರ ಸೋಸಿ, ಪಾದಪೂಜೆಗೆ ಎರಡು ಕೊಡ ತೆಗೆದಿಡು ಎಂದರು. ಅಡಿಗೆಗೆ, ಎಪ್ಪತ್ತು ಜನರಿಗೆ, ನಲ್ಲಿ ನೀರೇ ಆಗಲಿ ಎಂದರು. ಬಂದವರನ್ನು ಬಾಯಾರಿಸಿ ಕಳಿಸುವುದಕ್ಕಿಂತ ದೊಡ್ಡ ಮೈಲಿಗೆ ಯಾವುದೂ ಇಲ್ಲ ಎಂದು ತಮಗೇ ಹೇಳಿಕೊಂಡ ಹಾಗೆ ಹೇಳಿ ಒಳಗೆ ನಡೆದರು.

ಪೂಜೆ ಮುಗಿದು ಪಂಕ್ತಿ ಏಳುವ ಹೊತ್ತಿಗೆ ನೋಡಿದರೆ ಓಬಯ್ಯ ಇಲ್ಲ. ಊಟ ಮಾಡದೆ ಹೋದನಲ್ಲ ಎಂದು ಕಾಶಮ್ಮ ಎರಡು ಸಲ ಕೇಳಿದರು. ಮೂರೂವರೆಗೆ ಅವನು ಬಂದ. ಆ ಬಿಸಿಲಿನಲ್ಲಿ ಸೈಕಲ್ಲು ತುಳಿದು ಭದ್ರಾವತಿಗೆ ಹೋಗಿ ಹೊಸ ರಬ್ಬರು ತಂದಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಬಿಲ್ಲೆ ಬದಲಾಯಿಸಿ, ಚರ್ಮದ್ದನ್ನು ತೋರಿಸಿ ಎಸೆದ ಮೇಲೆಯೇ ಕೈ ತೊಳೆದದ್ದು. ಹಿತ್ತಲ ಜಗಲಿಯಲ್ಲಿ ಅವನಿಗೆ ಎಲೆ ಹಾಕಿದರು. ಬಡಿಸಲು ಬಂದ ಸೊಸೆಯ ಕೈಯಿಂದ ಪಾತ್ರೆ ತೆಗೆದುಕೊಂಡು ಕಾಶಮ್ಮ ತಾವೇ ಬಡಿಸಿದರು. ಹೋಳಿಗೆ ಸಾಕು ಎಂದರೂ ಬಿಡದೆ ಇನ್ನೊಂದು ಹಾಕಿ, ಮೇಲೆ ತುಪ್ಪ ಸುರಿದು, ಉಣ್ಣುವ ತನಕ ಅಲ್ಲೇ ಕಂಬಕ್ಕೊರಗಿ ನಿಂತಿದ್ದರು.

ಅದಾದ ಒಂದೆರಡು ತಿಂಗಳಿಗೆ ಬಸವರಾಜೇಶ್ವರಿ ಒಂದು ದಿನ ಮನೆಯವರು ಕುಡಿಯುವ ಹಿತ್ತಾಳೆ ಲೋಟದಲ್ಲೇ ಓಬಯ್ಯನಿಗೆ ಕಾಫಿ ತಂದಿಟ್ಟಳು. ಓಬಯ್ಯ ಗೂಡಿನ ಕಡೆ ನೋಡಿದ, ಅವಳ ಕಡೆ ನೋಡಿದ, ಆಮೇಲೆ ಬಾಗಿಲಲ್ಲಿ ಕೂತಿದ್ದ ಕಾಶಮ್ಮನ ಕಡೆ ನೋಡಿದ. ಕಾಶಮ್ಮ ಬತ್ತಿ ಹೊಸೆಯುತ್ತಿದ್ದವರು ತಲೆಯೆತ್ತಲಿಲ್ಲ. ಅವರು ನೋಡಿದ್ದರೆಂದೇ ಸೊಸೆಯ ನಂಬಿಕೆ.

ಅರವತ್ತನಾಲ್ಕರಲ್ಲಿ ಕಾಶಮ್ಮ ತೀರಿಕೊಂಡರು. ಓಬಯ್ಯ ಸಣ್ಣಮ್ಮನನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದಿದ್ದ. ಅವನ ಕೈಯಲ್ಲಿ ಚೀಲವಿಲ್ಲದ್ದನ್ನು ಬಸವರಾಜೇಶ್ವರಿ ಅಂದೇ ಮೊದಲು ಕಂಡದ್ದು. ಆಗಲೂ ಅವನು ಓಣಿಯತ್ತ ತಿರುಗಿದ್ದ. ಮುರುಗೇಶಪ್ಪನವರು ಇಳಿದುಹೋಗಿ ತೋಳು ಹಿಡಿದು ಮುಂಬಾಗಿಲಿನಿಂದ ಕರೆತಂದರು.

ಮೂರು ವರ್ಷದ ಮೇಲೆ ವಿದ್ಯಾನಗರದಲ್ಲಿ ಸ್ವಂತ ಮನೆ ಎದ್ದಿತು. ಆ ಹೊತ್ತಿಗೆ ಊರಿನಲ್ಲಿ ಫಿಟ್ಟರುಗಳು ಬೇಕಾದಷ್ಟು ಜನ, ಗಾಂಧಿ ಬಜಾರಿನಲ್ಲಿ ಬೋರ್ಡು ಹಾಕಿಕೊಂಡವರೂ ಇದ್ದರು. ಆದರೂ ಆ ಮನೆಯ ಪೈಪೆಲ್ಲ ಓಬಯ್ಯನದೇ. ಅಡಿಗೆಮನೆಯ ಒಳಗೆ ನಲ್ಲಿ, ಬಚ್ಚಲಿಗೆ ನಲ್ಲಿ, ಮೇಲೆ ಟ್ಯಾಂಕು. ಅಡಿಗೆಮನೆಯ ನಲ್ಲಿ ಎಷ್ಟೆತ್ತರಕ್ಕಿರಬೇಕು ಎಂದು ಅವನು ಬಸವರಾಜೇಶ್ವರಿಯನ್ನೇ ನಿಲ್ಲಿಸಿ, ಬಿಂದಿಗೆ ಹಿಡಿಸಿ, ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಹೆಂಗಸರ ಸೊಂಟ ನೋಯಬಾರದು ಎಂದು ಅಂಥ ವಿಚಾರ ಮಾಡಿದವರನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಆದರೆ ಗುರುತು ಹಾಕುವಾಗ ಅವನು ಗೋಡೆಗೆ ಮುಖ ತಾಗುವಷ್ಟು ಹತ್ತಿರ ಬಗ್ಗುತ್ತಿದ್ದ. ಕಣ್ಣಿಗೆ ಪೊರೆ ಬರುತ್ತಿದೆ, ಇದೇ ನನ್ನ ಕೊನೆಯ ದೊಡ್ಡ ಕೆಲಸ ಎಂದು ತಾನೇ ಹೇಳಿದ. ಮುಂದಿನದಕ್ಕೆ ಕರಿಯಪ್ಪ ಎಂಬ ಫಿಟ್ಟರನ್ನು ಕರೆತಂದು, ಇವನ ಕೈ ನನಗಿಂತ ಚೆನ್ನ, ಆದರೆ ಬರ್ತೀನಿ ಎಂದ ದಿನ ಬಾರದಿದ್ದರೆ ನನಗೆ ಹೇಳಿ ಕಳಿಸಿ ಎಂದು ಅವನೆದುರಿಗೇ ಹೇಳಿದ.

ಅರವತ್ತೊಂಬತ್ತರಲ್ಲಿ ಒಂದು ಭಾನುವಾರ ಗಂಡ ಹೆಂಡತಿ ಮಲವಗೊಪ್ಪದಲ್ಲಿ ಬಸ್ಸಿಳಿದು ಅವನ ಮನೆ ಹುಡುಕಿಕೊಂಡು ಹೋದರು. ಹನ್ನೆರಡು ವರ್ಷದಲ್ಲಿ ಅವನ ಮನೆ ನೋಡಿದ್ದೇ ಇಲ್ಲವೆಂಬುದು ಬಸವರಾಜೇಶ್ವರಿಗೆ ದಾರಿಯಲ್ಲಿ ಹೊಳೆದು ನಾಚಿಕೆಯಾಯಿತು. ಹೆಂಚಿನ ಎರಡು ಅಂಕಣದ ಮನೆ. ಅಲ್ಲಿಗೆ ನಲ್ಲಿಯ ಲೈನು ಇನ್ನೂ ಬಂದಿರಲಿಲ್ಲ. ಸಣ್ಣಮ್ಮ ಮಂಡಿ ಹಿಡಿದುಕೊಂಡು ರಸ್ತೆಯಾಚೆಯ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದಳು. ಬಸವರಾಜೇಶ್ವರಿ ಮುಂದೆ ಹೋಗಿ ಅವಳ ಸೊಂಟದ ಕೊಡ ಇಳಿಸಿಕೊಂಡಳು. ಜಗಲಿಯಲ್ಲಿ ಕೂತಿದ್ದ ಓಬಯ್ಯನಿಗೆ ಈಗ ಮುಖ ಕಾಣುತ್ತಿರಲಿಲ್ಲ, ಬಂದವರ ದನಿಯಿಂದಲೇ ಗುರುತು ಹಿಡಿದ.

"ಬೇಸಿಗೇಲಿ ಮೇಲಿನ ಟ್ಯಾಂಕಿಗೆ ನೀರು ಹತ್ತುತ್ತಾ ಅಮ್ಮಾರೇ?" ಎಂದ ಮೊದಲ ಮಾತಿಗೇ.

ಹತ್ತುತ್ತದೆ ಎಂದಳು. ಯಾವ ಹೊತ್ತಿಗೆ, ಎಷ್ಟು ಹೊತ್ತು, ಬಚ್ಚಲ ನಲ್ಲಿ ತೆರೆದಾಗ ಅಡಿಗೆಮನೆಯದು ಸಣ್ಣಗಾಗುತ್ತದೆಯೇ ಎಂದು ಅವನು ಒಂದೊಂದನ್ನೇ ಕೇಳುತ್ತ ಹೋದ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಮುರುಗೇಶಪ್ಪ ಕಣ್ಣಿನ ಆಪರೇಷನ್ನಿನ ಮಾತೆತ್ತಿ, ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋಗುವುದಾಗಿ ಒಪ್ಪಿಸಿದರು. ಆ ಮಾಘದಲ್ಲಿ ಆಪರೇಷನ್ ಆಯಿತು. ಒಂದು ಕಣ್ಣು ಉಳಿಯಿತು. ದಪ್ಪ ಕನ್ನಡಕ ಹಾಕಿಕೊಂಡು ವಿದ್ಯಾನಗರದ ಮನೆಗೆ ಬಂದವನು ಮನೆಯೆಲ್ಲ ಸುತ್ತಿ, ಪ್ರತಿಯೊಂದು ನಲ್ಲಿಯನ್ನೂ ತೆರೆದು ಮುಚ್ಚಿ ನೋಡಿ, ನಡುಮನೆಯ ಬೆಂಚಿನ ಮೇಲೆ ಕೂತು ಊಟ ಮಾಡಿ ಸಂಜೆಯ ಬಸ್ಸಿಗೆ ಹೋದ.