ಚೌಕಗಳ ನಡುವಿನ ಕಾಲುವೆ

ಮೊನ್ನೆ ಆಫೀಸಿನಲ್ಲಿ ಮೇಜು ಬದಲಿಸುವಾಗ ಡ್ರಾಯರಿನ ಮೂಲೆಯಲ್ಲಿ ಒಂದು ಕೆಂಪು ಪೆನ್ಸಿಲ್ ಸಿಕ್ಕಿತು. ಮೂಗಿನ ಹತ್ತಿರ ಹಿಡಿದರೆ ಈಗಲೂ ಉಪ್ಪಿನಕಾಯಿಯ ವಾಸನೆ. ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಹಿರಿಯರು ಅದನ್ನು ಊಟದ ಚೀಲದಲ್ಲೇ ಇಡುತ್ತಿದ್ದರು...

ಕೆಲವು ವರ್ಷಗಳ ಹಿಂದೆ ಅವರು ಅದನ್ನು ನನಗೆ ಕೊಟ್ಟ ಶುಕ್ರವಾರ ಎಂದಿನಂಥದೇ ದಿನ. ಸಿ.ವಿ. ರಾಮನ್ ನಗರದ ನಮ್ಮ ಆಫೀಸಿನಲ್ಲಿ, ಮಳೆನೀರು ನಗರದೊಳಗೆ ಎತ್ತ ಹರಿಯುತ್ತದೆಂದು ತೋರಿಸುವ ನಕ್ಷೆ ಮಾಡುತ್ತಿದ್ದೆವು. ಇಡೀ ನಗರದ ಲೆಕ್ಕ ಒಂದು ಕಂಪ್ಯೂಟರಿಗೆ ಹೊರೆ. ಅದಕ್ಕೇ ನೆಲವನ್ನು ಚೌಕಗಳಾಗಿ ಕತ್ತರಿಸಿ, ನೂರಾರು ಪ್ರೊಸೆಸರುಗಳಿಗೆ ಹಂಚಿ, ಎಲ್ಲವೂ ಒಟ್ಟಿಗೆ ದುಡಿಯುವಂತೆ ಮಾಡುವುದು ನನ್ನ ಕೆಲಸ. ನೀರು ಚೌಕದಿಂದ ಚೌಕಕ್ಕೆ ದಾಟಬೇಕಾದರೆ ಪ್ರತಿ ಚೌಕದ ಜೊತೆ ಪಕ್ಕದ ಚೌಕದ ಅಂಚಿನ ಮಾಹಿತಿಯನ್ನೂ ಕೊಡಬೇಕು. ಬೇಗ ಮುಗಿಯಲೆಂದು ನಾನು ಆ ಅಂಚನ್ನು ಬಿಟ್ಟಿದ್ದೆ.

ಆ ಹಿರಿಯರು, ನಾವೆಲ್ಲ ಸರ್ ಎನ್ನುತ್ತಿದ್ದವರು, ಪ್ರಿಂಟ್ ತೆಗೆದು ನೋಡಿದರು. ಕೆ.ಆರ್. ಪುರದ ಕಡೆಯ ಹಳೇ ಊರಿನವರು. ಅವರ ತಂದೆ ರಾಗಿ ಬೆಳೆದಿದ್ದ ನೆಲವೂ ಆ ನಕ್ಷೆಯಲ್ಲಿತ್ತು.

"ಏನಮ್ಮಾ, ಸ್ಕೇಲ್ ಇಟ್ಟು ಕೆರೆ ಕಟ್ಟಿದ್ದೀಯಲ್ಲ?"

ಚೌಕಗಳ ಅಂಚಿನಲ್ಲಿ ನೀರು ಗೋಡೆಗೆ ತಾಗಿದಂತೆ ನೇರ ಗೆರೆಯಲ್ಲಿ ನಿಂತಿತ್ತು.

"ಅಂಚು ಬಿಟ್ಬಿಟ್ಟೆ ಸರ್. ಬೇಗ ಆಗ್ಲಿ ಅಂತ."

"ಅದು ಬದು ಕಣಮ್ಮಾ. ಪಕ್ಕದ ಹೊಲದವನನ್ನ ಕೇಳ್ದೆ ನೀರು ಬಿಟ್ರೆ ಜಗಳಕ್ಕೆ ಬರಲ್ವಾ?"

ಅಂಚು ಸೇರಿಸಿ ಲೆಕ್ಕವನ್ನು ಮತ್ತೆ ಓಡಿಸಿದೆ. ಕೆರೆಗಳೆಲ್ಲ ಕರಗಿದವು, ಒಂದು ಮಾತ್ರ ಉಳಿಯಿತು. ಅಲ್ಲಿ ಹಳೇ ಕಾಲುವೆಯ ಮೇಲೆ ಕಟ್ಟಡಗಳು ಎದ್ದಿವೆ ಎಂದರು ಸರ್. ಅದರ ದಾರಿ ನಮ್ಮ ಯಾವ ಮಾಹಿತಿಯಲ್ಲೂ ಇರಲಿಲ್ಲ. ಸರ್ ಕೆಂಪು ಪೆನ್ಸಿಲಿನಿಂದ ನೀರು ನಿಂತಲ್ಲಿಯವರೆಗೆ ಕಾಲುವೆಯ ಗೆರೆ ಎಳೆದು ನಿಲ್ಲಿಸಿದರು.

"ಇಲ್ಲಿಂದ ಮುಂದೆ ಹೇಳಿದ್ರೆ ತಿಳಿಯಲ್ಲ, ನಡೀಬೇಕು. ಸೋಮವಾರ ಕರ್ಕೊಂಡು ಹೋಗ್ತೀನಿ. ಪೆನ್ಸಿಲ್ ನಿನ್ ಹತ್ರಾನೇ ಇರ್ಲಿ."

ಈಗಲೇ ಹೇಳಿ ಎನ್ನಬಹುದಿತ್ತು... ನನಗೆ ಬಸ್ಸಿನ ಆತುರ.

ಭಾನುವಾರ ಬೆಳಿಗ್ಗೆ ಅವರಿಗೆ ಎದೆನೋವು ಬಂತು. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು. ಅವರ ಮನೆಯಲ್ಲೂ ಆ ದಾರಿ ಬಲ್ಲವರು ಯಾರೂ ಉಳಿದಿರಲಿಲ್ಲ.

ಕೆಲವು ವಾರಗಳ ನಂತರ ಪ್ರಿಂಟ್ ಹಿಡಿದು ಒಬ್ಬಳೇ ನಡೆದೆ. ಗೆರೆ ನಿಂತ ಕಡೆ ಒಂದು ಬೇಕರಿ ಇತ್ತು. ಟೀ ಕೊಟ್ಟವರನ್ನು ಕೇಳಿದೆ.

"ಕಾಲುವೆನಾ ಮೇಡಂ? ನಾವು ಬಂದಾಗಿಂದ ಇಲ್ಲಿ ರೋಡೇ ಇರೋದು."

ಈಗ ಹೊಸ ಯಂತ್ರಗಳು ಬಂದಿವೆ. ಅಂದು ಅರ್ಧ ದಿನ ಹಿಡಿದ ಲೆಕ್ಕ ಒಂದು ಕಾಫಿ ಮುಗಿಯುವಷ್ಟರಲ್ಲಿ ಆಗುತ್ತದೆ. ಅಂಚು ಸೇರಿಸಲು ಮರೆಯುವುದಿಲ್ಲ. ಆದರೂ ಪ್ರತಿ ಸಲ ನೀರು ಆ ಒಂದು ಕಡೆ ಬಂದು ನಿಲ್ಲುತ್ತದೆ. ನಾನು ಪಕ್ಕದ ಸೀಟಿನತ್ತ ತಿರುಗುತ್ತೇನೆ...

ಆ ಬೇಕರಿಯಿಂದ ಮುಂದೆ ಕಾಲುವೆ ಎತ್ತ ಹೋಗುತ್ತಿತ್ತು ಎಂಬುದು ನಕ್ಷೆಯಲ್ಲಿ ಇನ್ನೂ ಇಲ್ಲ.