ಸುಣ್ಣಕ್ಕೆ ಮುಚ್ಚದ ನಂಬರು

ಮುನಿಲಕ್ಷ್ಮಿ ಜಂಗಮಕೋಟೆಯ ನಮ್ಮ ಬೀದಿಗೆ ಸೊಸೆಯಾಗಿ ಬಂದದ್ದು ಕೈವಾರದ ಕಡೆಯಿಂದ. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದರಲ್ಲಿ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗಂಡ ಮುನೇಶ್ ಸೈನ್ಯದಲ್ಲಿ ಹವಾಲ್ದಾರ. ಅವರು ರೇಷ್ಮೆ ಹುಳು ಸಾಕುವ ಮನೆಗೂ ನನ್ನ ಅಡಿಗೆಮನೆಗೂ ನಡುವೆ ಒಂದೇ ಗೋಡೆ.

ಹೋದ ವರ್ಷ ಮುನೇಶ್ ರಜೆಗೆ ಬಂದಾಗ ಅನ್ನ ಕಲಸಿಕೊಂಡು ಹಾಗೇ ಕೂತುಬಿಡುತ್ತಿದ್ದ. ಬೆಟ್ಟದಲ್ಲಿ ಹಿಮ ಕುಸಿದು ಅವನ ಜೊತೆಗಾರ ಹೂತುಹೋಗಿದ್ದನಂತೆ. ಇವನು ಬರಿಗೈಯಲ್ಲಿ ತೋಡಿ ತೆಗೆದಾಗ ಉಸಿರಿರಲಿಲ್ಲ.

ಆಗ ಹುಳು ನಾಲ್ಕನೇ ಸಲ ಪೊರೆ ಬಿಡುವುದಕ್ಕೆ ಕೂತಿತ್ತು. ಆ ಹೊತ್ತಿನಲ್ಲಿ ಅದು ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿಕೊಂಡು ಅಲ್ಲಾಡದೆ ಇರುತ್ತದೆ. ಮೇಲೆ ಸುಣ್ಣದ ಪುಡಿ ಉದುರಿಸಿ, ಯಾರೂ ಕೈಯಿಡದೆ ಬಿಡಬೇಕು. ಮುನಿಲಕ್ಷ್ಮಿ ಸುಣ್ಣ ಉದುರಿಸುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಮುನೇಶ್ ಹುಳುವಿನ ತಟ್ಟೆ ಬೆಳ್ಳಗಾಗುವುದನ್ನು ನೋಡಿದ. ಒಳಗೆ ನುಗ್ಗಿ ಎರಡೂ ಕೈಯಲ್ಲಿ ತೋಡತೊಡಗಿದ. "ಉಸಿರೈತೆ, ಇನ್ನೂ ಉಸಿರೈತೆ" ಎನ್ನುತ್ತಿದ್ದ. ನಾನು ಓಡಿ ಹೋಗುವಷ್ಟರಲ್ಲಿ ಆ ತಟ್ಟೆಯ ಹುಳುವೆಲ್ಲ ನೆಲದ ಮೇಲಿತ್ತು. ಅವಳು ಬಯ್ಯಲಿಲ್ಲ. ಅವನ ಕೈ ಹಿಡಿದುಕೊಂಡು ಸುಣ್ಣದಲ್ಲೇ ಕೂತಿದ್ದಳು.

ಮಾವ ಚೆನ್ನರಾಯಪ್ಪ ಅಂಗಳದಲ್ಲಿ ನಿಂತು ತೀರ್ಪು ಕೊಟ್ಟ. "ಇನ್ಮೇಲೆ ಇವನು ಹುಳುಮನೆ ಒಳಕ್ಕೆ ಕಾಲಿಡಂಗಿಲ್ಲ. ಯಾವುದೋ ಗಾಳಿ ಮೆಟ್ಕೊಂಡೈತೆ. ಮಂತ್ರ ಹಾಕ್ಸಣ. ಯಾರಾನ ಕೇಳಿದ್ರೆ ಸೊಂಟನೋವು ಅನ್ನಮ್ಮ."

"ಸೊಂಟ ಗಟ್ಟಿಗೈತೆ ಮಾವ. ಸುಳ್ಳು ಯಾಕೆ ಹೇಳ್ಲಿ?"

"ಸೈನ್ಯದ ಪಟಾಲಂನೋರಿಗೆ ಗೊತ್ತಾದ್ರೆ ಮನೆಗೆ ಕಳಿಸ್ತಾರೆ. ಕೆಲಸ ಹೋಗ್ತದೆ ಕಣಮ್ಮ."

ಆ ಭಯ ಮುನೇಶನಿಗೂ ಇತ್ತು. ಅಲ್ಲಿ ಹೇಳಿಕೊಳ್ಳುವುದಕ್ಕೆ ಯಾರೂ ಇಲ್ಲವಾ ಎಂದು ಅವಳು ಗಂಡನನ್ನು ಕೇಳಿದಳು.

"ಯಾಕಿಲ್ಲ, ಅವ್ರೆ. ಮನಸ್ಸು ಗಟ್ಟಿ ಮಾಡ್ಕೊಳ್ಳೋಕೆ ಪಾಠನೂ ಮಾಡ್ತಾರೆ, ವರ್ಷಕ್ಕೊಂದು ಗಂಟೆ. ಕೊನೇಲಿ, ಯಾರಿಗೆ ತೊಂದ್ರೆ ಐತೆ ಕೈ ಎತ್ತಿ ಅಂತಾರೆ. ಅಷ್ಟು ಜನದ ಮುಂದೆ ಯಾವನ್ ಎತ್ತಾನು?"

"ನೀವ್ ಎತ್ತಬೇಡಿ. ನಾನ್ ಎತ್ತೀನಿ. ಫೋನ್ ಕೊಡಿ."

ಮುನೇಶನ ಪಟಾಲಂಗೇ ಫೋನ್ ಹಚ್ಚಿದಳು. ಅವಳಿಗೆ ಹಿಂದಿ ಬಾರದು. ಅದೃಷ್ಟಕ್ಕೆ ಅತ್ತ ಕಡೆ ತೆಲುಗಿನ ಸುಬೇದಾರ್ ಸಿಕ್ಕ. ಗಂಡನಿಗೆ ಆದದ್ದನ್ನೆಲ್ಲ ತನ್ನ ತವರಿನ ತೆಲುಗಿನಲ್ಲೇ ಹೇಳಿ, ಕೊನೆಗೆ ಕೇಳಿದಳು: ಬಂದೂಕ ಒರೆಸುವುದನ್ನು ದಿನಾ ಮಾಡಿಸುತ್ತೀರಿ, ಅದನ್ನು ಹಿಡಿಯುವವನ ಮನಸ್ಸಿಗೆ ವರ್ಷಕ್ಕೊಂದೇ ಗಂಟೆಯಾ? ಆತ, ಸಾಹೇಬರಿಗೆ ಹೇಳುತ್ತೇನೆ ಎಂದ.

ಉತ್ತರ ಬರುವ ಮೊದಲೇ ಉಳಿದ ತಟ್ಟೆಗಳ ಹುಳು ಹಣ್ಣಾಗಿ ಗೂಡು ಕಟ್ಟುವುದಕ್ಕೆ ಬಂತು. ಹಣ್ಣಾದ ಹುಳು ಕಾಯುವುದಿಲ್ಲ. ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಲೇಬೇಕು. ಚೆನ್ನರಾಯಪ್ಪ ಮಗನನ್ನು ಬಾಗಿಲಲ್ಲೇ ತಡೆದ. ಅವಳು ಬುಟ್ಟಿ ಕೆಳಗಿಟ್ಟಳು.

"ಅವ್ರು ಬರಂಗಿಲ್ಲ ಅಂದ್ರೆ ನಾನೂ ಬರಲ್ಲ. ನೀವೊಬ್ರೇ ಬಿಡ್ಕೊಳ್ಳಿ ಮಾವ."

"ಬೆಳೆ ಹೋದ್ರೆ?"

"ಹೋಗ್ಲಿ. ಇನ್ನೊಂದು ಬೆಳೆಗೆ ಚಾಕಿ ಮರಿ ತರಣ. ಇನ್ನೊಬ್ಬ ಗಂಡನ್ನ ಎಲ್ಲಿಂದ ತರ್ಲಿ?"

ಮುದುಕ ಪಕ್ಕಕ್ಕೆ ಸರಿದ. ಮುನೇಶ್ ಸಂಜೆಯವರೆಗೆ ಒಂದೊಂದೇ ಹುಳು ಆರಿಸಿದ. ಗೂಡು ಚೆನ್ನಾಗಿಯೇ ಬಂತು.

ಆಮೇಲೆ ಸೈನ್ಯದವರೇ ಅವನನ್ನು ಬೆಂಗಳೂರಿನ ತಮ್ಮ ಆಸ್ಪತ್ರೆಗೆ ಕರೆಸಿಕೊಂಡರು. ಗುಣವಾಗುವುದಕ್ಕೆ ತಿಂಗಳುಗಳೇ ಹಿಡಿದವು. ಕೆಲಸ ಹೋಗಲಿಲ್ಲ. ಈಗ ಹೊಸ ಹುಡುಗರಿಗೆ ಅವನೇ ಪಾಠ ಮಾಡುತ್ತಾನೆ. ಕೈ ಎತ್ತಿಸುವುದಿಲ್ಲ. ಇಬ್ಬಿಬ್ಬರನ್ನು ಜೊತೆ ಮಾಡಿ, ಒಬ್ಬನ ಊಟ ನಿದ್ದೆ ಇನ್ನೊಬ್ಬ ನೋಡಿಕೊಳ್ಳಬೇಕು ಎನ್ನುತ್ತಾನೆ, ನೋಡಿದಿರಾ ಎಂದು ದಿನಾ ಕೇಳುತ್ತಾನೆ.

ಸೈನಿಕರ ಹೆಂಡಿರ ಸಭೆಯಲ್ಲಿ ಮುನಿಲಕ್ಷ್ಮಿ ಮೈಕು ಕಿತ್ತುಕೊಂಡಳಂತೆ: "ಅವ್ರು ಮುಚ್ಚಿಡ್ತಾರೆ, ಕಾಣೋದು ನಮಗೆ. ಯಾರಿಗೆ ಹೇಳ್ಬೇಕೋ ಅವ್ರ ನಂಬರು ನಮ್ ಕೈಗೆ ಕೊಡಿ." ಕೊಟ್ಟರು. ಯಾವ ಪಟಾಲಂನವರ ಮನೆಯಿಂದ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಆ ನಂಬರನ್ನು ಹುಳುಮನೆಯ ರಸ್ತೆ ಕಡೆ ಗೋಡೆಗೆ ಇದ್ದಿಲಲ್ಲಿ ಬರೆದಳು.

ಮನೆ ಮಾನ ರಸ್ತೆಗೆ ಬಂತು ಎಂದು ಮಾವ ಪ್ರತಿ ಬೆಳೆ ಮುಗಿದಾಗಲೂ ಸುಣ್ಣ ಹೊಡೆದು ಅಳಿಸಿದ. ಅವಳು ಪ್ರತಿ ಸಲವೂ ಮೊದಲಿಗಿಂತ ದಪ್ಪಕ್ಷರದಲ್ಲಿ ಬರೆದಳು.

ಹೋದ ವಾರ ತೊಂಡೇಬಾವಿಯಿಂದ ಒಬ್ಬ ತಾಯಿ ಹುಡುಕಿಕೊಂಡು ಬಂದಳು. ಮಗ ಸಿಪಾಯಿ; ರಜೆಗೆ ಬಂದವನು ಕೋಣೆ ಬಿಟ್ಟು ಬರುತ್ತಿಲ್ಲವಂತೆ. ಗೋಡೆಯ ಸುಣ್ಣ ಇನ್ನೂ ಹಸಿ.

"ಇಲ್ಲಿ ಏನೋ ನಂಬರು ಇತ್ತಂತಲ್ಲಣ್ಣ?"

ಚೆನ್ನರಾಯಪ್ಪ ಸುಣ್ಣದ ಬಕೆಟ್ಟು ಹಿಡಿದು ನಿಂತೇ ಇದ್ದ. ಮುನಿಲಕ್ಷ್ಮಿ ಆ ತಾಯಿಗೆ ನಂಬರು ಹೇಳಿ, ತಾನೇ ಫೋನ್ ಹಚ್ಚಿಕೊಟ್ಟಳು. ಆಮೇಲೆ ಒಳಗಿಂದ ಉದ್ದನೆಯ ಮೊಳೆ ತಂದು ಗೋಡೆಯ ಗಾರೆಗೆ ಇಳಿಯುವ ಹಾಗೆ ಒಂದೊಂದೇ ಅಂಕಿ ಕೊರೆದಳು.

"ಈಗ ಸುಣ್ಣ ಹೊಡೀರಿ ಮಾವ" ಎಂದಳು.